ಹಳೆಯ ರೀಲಿಗೆ ಹೊಸ ಹಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದಾಖಲೆ ಸಾಕ್ಷ್ಯಚಿತ್ರಗಳ ಕುರಿತು. ಹೊಸದಾಗಿ ಏನನ್ನೂ ಚಿತ್ರೀಕರಿಸದೆ ಹಳೆಯ ವಾರ್ತಾಚಿತ್ರ, ಸರ್ಕಾರಿ ಪ್ರಚಾರ ಚಿತ್ರ, ಮನೆಮಂದಿ ತೆಗೆದ ರೀಲುಗಳನ್ನೇ ಕತ್ತರಿಸಿ ಜೋಡಿಸಿದ ಚಿತ್ರಗಳವು. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನಿರೂಪಕರ ದನಿ ಇಲ್ಲ, ಸಂದರ್ಶನ ಇಲ್ಲ, ಬರೀ ಹಳೆಯ ತುಣುಕುಗಳು. ಹಾಗಿದ್ದೂ ಚಿತ್ರ ಅಧಿಕಾರಸ್ಥರನ್ನು ಟೀಕಿಸುತ್ತಿದೆ ಎಂದು ನೋಡುವವರಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಎರಡು ಶಾಟುಗಳ ನಡುವಿನ ಕಟ್‌ನಿಂದ, ಅಂದರೆ ಒಂದು ದೃಶ್ಯತುಣುಕು ಮುಗಿದು ಇನ್ನೊಂದು ಶುರುವಾಗುವ ಜಾಗದಿಂದ, ಗೊತ್ತಾಗುತ್ತದೆ. ಸೋವಿಯತ್ ಸಂಕಲನಕಾರ್ತಿ ಎಸ್ಫೀರ್ ಶುಬ್ 1927ರಲ್ಲಿ ರಷ್ಯಾವನ್ನು ಆಳಿದ ರೊಮಾನೊವ್ ವಂಶದ ಪತನದ ಕುರಿತು ಮಾಡಿದ ಚಿತ್ರವೇ ಇದಕ್ಕೆ ಮೊದಲ ಪಾಠ. ತ್ಸಾರ್ (ರಷ್ಯಾದ ದೊರೆ) ಕುಟುಂಬ ತನಗಾಗಿ ತೆಗೆಸಿಕೊಂಡ ರೀಲುಗಳು, ಹಳೆಯ ವಾರ್ತಾಚಿತ್ರಗಳು ಎಲ್ಲ ಸೇರಿ ಸುಮಾರು 60,000 ಮೀಟರ್ ಫಿಲ್ಮ್ ನೋಡಿ, ಅದರಲ್ಲಿ ಸುಮಾರು 1,500 ಮೀಟರ್ ಮಾತ್ರ ಬಳಸಿದರು. ಒಂದು ಕಡೆ ಹಡಗಿನ ಮೇಲೆ ಗಣ್ಯರು ಬೆವರು ಬರುವಷ್ಟು ಕುಣಿಯುತ್ತಾರೆ. ಮುಂದಿನ ಶಾಟಿನಲ್ಲಿ ಕಾಲುವೆ ತೋಡುವ ರೈತರೂ ಬೆವರುತ್ತಿದ್ದಾರೆ. ಕುಣಿತ ತೆಗೆದ ಕ್ಯಾಮೆರಾಮನ್‌ಗೆ ಯಾರನ್ನೂ ಹಂಗಿಸುವ ಉದ್ದೇಶವಿರಲಿಲ್ಲ. ಹಾಗಿದ್ದುದರಿಂದಲೇ ಅದು ಅಷ್ಟು ಚುಚ್ಚುತ್ತದೆ.

1982ರಲ್ಲಿ ಅಮೆರಿಕದಲ್ಲಿ ಬಂದ 'ದಿ ಅಟಾಮಿಕ್ ಕೆಫೆ' ಚಿತ್ರದಲ್ಲಿ ನಿರೂಪಣೆಯ ಒಂದು ವಾಕ್ಯವೂ ಇಲ್ಲ. ಜೇನ್ ಲೋಡರ್, ಕೆವಿನ್ ರಾಫರ್ಟಿ, ಪಿಯರ್ಸ್ ರಾಫರ್ಟಿ ಮೂವರೂ ಸರ್ಕಾರಿ ತರಬೇತಿ ಚಿತ್ರ, ವಾರ್ತಾಚಿತ್ರ, ರೇಡಿಯೋ ಹಾಡುಗಳನ್ನಷ್ಟೇ ಜೋಡಿಸಿದರು. ಅಣುಬಾಂಬ್ ಬಿದ್ದರೆ ಬೆಂಚಿನ ಕೆಳಗೆ ನುಸುಳಿ ತಲೆ ಮುಚ್ಚಿಕೊಳ್ಳಿ ಎಂದು ಮಕ್ಕಳಿಗೆ ಕಲಿಸಲು 1951ರಲ್ಲಿ ತಯಾರಾದ, ಕಾರ್ಟೂನ್ ಆಮೆಯೊಂದು ಬರುವ ಚಿತ್ರದ ತುಣುಕೂ ಅದರಲ್ಲಿದೆ. ಹಿರೋಶಿಮಾ ದೃಶ್ಯಗಳನ್ನು ನೋಡಿದವರಿಗೆ ಆ ಆಮೆಯ ಪಾಠ ಹೇಗೆ ಕೇಳಿಸೀತು? ತುಣುಕಿನ ಮಾತನ್ನು ಅವರು ತಿರುಚಿಲ್ಲ, ಅದನ್ನು ಇಟ್ಟ ಜಾಗವಷ್ಟೇ ಬದಲಾಗಿದೆ. ಹೊಸಬರು ಎಡವುವುದು ಇಲ್ಲಿಯೇ: ಪ್ರಚಾರ ಚಿತ್ರ ಬಾಯಿ ತೆರೆಯುವ ಮುನ್ನವೇ ಗೇಲಿಯ ಹಾಡು ಶುರು ಮಾಡುತ್ತಾರೆ. ಮೊದಲು ಅದು ತನ್ನ ಮಾತನ್ನು ಪೂರ್ತಿ ಆಡಲಿ, ನೋಡುವವರು ಒಂದು ಕ್ಷಣ ನಂಬುವಂತಿರಲಿ. ನಂಬಿಕೆಯೇ ಹುಟ್ಟದಿದ್ದರೆ ಅದನ್ನು ಒಡೆಯುವ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ: ಸಾವಿನ ದೃಶ್ಯಕ್ಕೆ ಖುಷಿಯ ಹಾಡು ಹಾಕಿದರೆ ವ್ಯಂಗ್ಯ ಆಗುತ್ತದೆ ಎಂದು ಕೇಳಿದ್ದೇನೆ. ಇಷ್ಟೇ ಸೂತ್ರವೆ?

ಉತ್ತರ: ಇಷ್ಟೇ ಆಗಿದ್ದರೆ ಎಲ್ಲರೂ ಮಾಡುತ್ತಿದ್ದರು. ಖುಷಿಯ ಹಾಡಿನ ಉಪಾಯ ಈಗ ಸವೆದುಹೋಗಿದೆ. ಬಾಂಬ್ ಸ್ಫೋಟದ ಮೇಲೆ ಹಳೆಯ ಪ್ರೇಮಗೀತೆ ಕೇಳಿದ ಕೂಡಲೇ ನೋಡುವವರು 'ಓಹೋ, ವ್ಯಂಗ್ಯ' ಎಂದು ಗುರುತಿಸಿ ಆರಾಮಾಗಿ ಕುಳಿತುಬಿಡುತ್ತಾರೆ.

ಚಿತ್ರಕ್ಕೂ ಸಂಗೀತಕ್ಕೂ ಮೂರು ಬಗೆಯ ಸಂಬಂಧ ಇರಬಹುದು. ಮೊದಲನೆಯದು ಹಿಂಬಾಲಿಸುವುದು: ದುಃಖಕ್ಕೆ ದುಃಖದ ರಾಗ. ಎರಡನೆಯದು ಎದುರು ನಿಲ್ಲುವುದು. ಧ್ವನಿ ಸಿನಿಮಾಕ್ಕೆ ಕಾಲಿಡುತ್ತಿದ್ದ 1928ರಲ್ಲೇ ಸೋವಿಯತ್ ನಿರ್ದೇಶಕರಾದ ಐಸೆನ್‌ಸ್ಟೈನ್, ಪುದೋವ್ಕಿನ್, ಅಲೆಕ್ಸಾಂಡ್ರೊವ್ ಮೂವರೂ ಸಹಿ ಹಾಕಿದ ಹೇಳಿಕೆಯೊಂದರಲ್ಲಿ, ಧ್ವನಿ ಚಿತ್ರದ ಜೊತೆ ಹೊಂದದೆ ಅದಕ್ಕೆ ಎದುರಾಗಿ ನಿಲ್ಲಬೇಕು ಎಂದು ವಾದಿಸಿದ್ದರು. ಮೂರನೆಯದು ಉದಾಸೀನ. ಸಂಗೀತಕ್ಕೆ ತೆರೆಯ ಮೇಲೆ ಏನಾಗುತ್ತಿದೆ ಎಂಬುದೇ ಗೊತ್ತಿಲ್ಲದಂತೆ ಅದು ತನ್ನ ಪಾಡಿಗೆ ಸಾಗುತ್ತದೆ. ನಮ್ಮ ಮಟ್ಟಿಗೆ ಈ ಮೂರನೆಯದೇ ಹೆಚ್ಚು ಕಾಡುವಂಥದ್ದು.

ನಾಜಿ ಶಿಬಿರಗಳ ಕುರಿತು ಅಲೈನ್ ರೆನೆ ಮಾಡಿದ ಸುಮಾರು 32 ನಿಮಿಷಗಳ 'ನೈಟ್ ಅಂಡ್ ಫಾಗ್' ಚಿತ್ರಕ್ಕೆ ಹಾನ್ಸ್ ಐಸ್ಲರ್ ಕೊಟ್ಟ ಸಂಗೀತ ಕೇಳಿ ನೋಡಿ. ದೃಶ್ಯ ಕ್ರೂರವಾದಷ್ಟೂ ವಾದ್ಯ ಹಗುರಾಗುತ್ತ ಹೋಗುತ್ತದೆ. ಅಲ್ಲಿ ಯಾರೂ ನಗುವುದಿಲ್ಲ. ಎಲ್ಲಿ ಅಳಬೇಕು ಎಂದು ಸಂಗೀತ ಹೇಳಿಕೊಡದೇ ಇರುವುದರಿಂದ ನೋಡುವವರಿಗೆ ಒರಗಲು ಗೋಡೆಯೇ ಸಿಗುವುದಿಲ್ಲ.

ಎದುರು ನಿಲ್ಲುವ ಬಗೆಗೆ ಒಳ್ಳೆಯ ಮಾದರಿ ಎರಡನೆಯ ಮಹಾಯುದ್ಧದ ನಡುವೆ ಬ್ರಿಟನ್ನಿನಲ್ಲಿ ಚಾರ್ಲ್ಸ್ ರಿಡ್ಲಿ ಮಾಡಿದ ಪುಟ್ಟ ತುಣುಕು. ಜರ್ಮನ್ ನಿರ್ದೇಶಕಿ ಲೆನಿ ರೀಫೆನ್‌ಸ್ಟಾಲ್ 1935ರ ಪ್ರಚಾರ ಚಿತ್ರಕ್ಕಾಗಿ ತೆಗೆದ ನಾಜಿ ಕವಾಯತಿನ ಶಾಟುಗಳನ್ನೇ ತೆಗೆದುಕೊಂಡು, ಹಿಂದಕ್ಕೂ ಮುಂದಕ್ಕೂ ಓಡಿಸಿ, 'ಲ್ಯಾಂಬೆತ್ ವಾಕ್' ಎಂಬ ಜನಪ್ರಿಯ ಕುಣಿತದ ಹಾಡಿಗೆ ಹೊಂದಿಸಿದರು. ಸೈನಿಕರು ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಹಾಕುತ್ತ ಕುಣಿದಂತೆ ಕಾಣುತ್ತಾರೆ. ಇಲ್ಲಿ ಕೆಲಸ ಮಾಡಿದ್ದು ಹಾಡಿನ ಭಾವಕ್ಕಿಂತ ಅದರ ತಾಳ. ನೀವೇ ಪರೀಕ್ಷಿಸಬಹುದು. ಕವಾಯತಿನ ಸಾಮಾನ್ಯ ನಡಿಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ. ಅದೇ ವೇಗದ, ಆದರೆ ಮೂರು ಎಣಿಕೆಯ ವಾಲ್ಟ್ಸ್ (ಯುರೋಪಿನ ಜೋಡಿ ಕುಣಿತದ ಸಂಗೀತ) ಒಂದನ್ನು ಅದರ ಕೆಳಗೆ ಇಡಿ. ಎರಡು ಕಾಲಿನ ನಡಿಗೆಗೆ ಮೂರರ ಎಣಿಕೆ, ಹಾಗಾಗಿ ತಾಳದ ಪೆಟ್ಟು ಒಮ್ಮೆ ಎಡಗಾಲಿಗೆ, ಮುಂದಿನ ಸಲ ಬಲಗಾಲಿಗೆ ಬೀಳುತ್ತದೆ. ಒಂದು ಫ್ರೇಮನ್ನೂ (ಫಿಲ್ಮಿನ ಒಂದು ಬಿಡಿ ಚಿತ್ರ) ಬದಲಿಸದೆ ಇಡೀ ಪಡೆ ತೂಗಾಡತೊಡಗುತ್ತದೆ.

ಪ್ರಶ್ನೆ: ಹಾಡು ದೃಶ್ಯದ ಕಾಲದ್ದೇ ಆಗಿರಬೇಕೆ, ಇಂದಿನದೂ ಆಗಬಹುದೆ?

ಉತ್ತರ: ಎರಡೂ ಆಗಬಹುದು, ಆದರೆ ಹೇಳುವ ಮಾತು ಬೇರೆ ಬೇರೆ. ಅದೇ ವರ್ಷದ ಹಾಡಾದರೆ ಆ ಕಾಲವೇ ತನ್ನ ವಿರುದ್ಧ ಸಾಕ್ಷಿ ಹೇಳಿದಂತೆ. ನಂತರದ ಕಾಲದ ಹಾಡಾದರೆ ಮಾತಾಡುತ್ತಿರುವುದು ನೀವು, ಅದನ್ನು ಮುಚ್ಚಿಡಬೇಡಿ.

ಈ ವ್ಯತ್ಯಾಸವನ್ನು ಧ್ವನಿಯ ಗುಣದಿಂದಲೂ ತೋರಿಸಬಹುದು. ಹಳೆಯ ಫಿಲ್ಮಿನ ಅಂಚಿನಲ್ಲಿದ್ದ ಧ್ವನಿಪಟ್ಟಿಯಲ್ಲಿ ಎತ್ತರದ ಸ್ವರಗಳು ಸರಿಯಾಗಿ ಉಳಿಯುವುದಿಲ್ಲ. ಸ್ವಚ್ಛವಾದ ಹೊಸ ಧ್ವನಿಮುದ್ರಣವನ್ನು ಅದರ ಪಕ್ಕ ಇಟ್ಟರೆ ಮೇಲೆ ಅಂಟಿಸಿದ ಹಾಗೆ ಕೇಳುತ್ತದೆ. ಹಾಡು ದೃಶ್ಯದ ಒಳಗಿನದು ಎನಿಸಬೇಕಾದರೆ 100 ಹರ್ಟ್ಸ್‌ಗಿಂತ (ಸ್ವರದ ಎತ್ತರದ ಅಳತೆ) ಕೆಳಗಿನದನ್ನೂ 5,000ದಿಂದ 6,000 ಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸಿ, ಎಡಬಲ ಬೇರೆಯಾಗಿ ಕೇಳುವ ಸ್ಟೀರಿಯೋವನ್ನು ಒಂದೇ ಧ್ವನಿಯ ಮೋನೋ ಮಾಡಿ. ಹೊರಗಿನಿಂದ ಬಂದ ಟೀಕೆ ಎನಿಸಬೇಕಾದರೆ ಏನೂ ಮುಟ್ಟದೆ ಹಾಗೆಯೇ ಬಿಡಿ. ಅರ್ಧಂಬರ್ಧ ಮಾಡಿದರೆ ಕೆಲಸ ಗೊತ್ತಿಲ್ಲದವರು ಮಾಡಿದಂತೆ ಕೇಳುತ್ತದೆ.

ಸಂಗೀತವೇ ಇತಿಹಾಸದ ಪಾತ್ರವಾಗುವುದೂ ಉಂಟು. ಯೋಹಾನ್ ಗ್ರಿಮೋನ್‌ಪ್ರೆ ಅವರ 2024ರ 'ಸೌಂಡ್‌ಟ್ರ್ಯಾಕ್ ಟು ಎ ಕೂ ದೆತಾ' (ಕ್ಷಿಪ್ರಕ್ರಾಂತಿಯ ಹಿನ್ನೆಲೆ ಸಂಗೀತ) ಚಿತ್ರ ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು ಪದಚ್ಯುತಗೊಳಿಸಿದ ಕಥೆಯನ್ನು ಜಾಜ್ ಸಂಗೀತದ ಮೂಲಕ ಹೇಳುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆ ಆಗ ಜಾಜ್ ಕಲಾವಿದರನ್ನು ಸದ್ಭಾವನಾ ಪ್ರವಾಸಕ್ಕೆ ಕಳಿಸುತ್ತಿತ್ತು. 1960ರ ಅಕ್ಟೋಬರ್‌ನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಕಾಂಗೋದ ರಾಜಧಾನಿಯಲ್ಲಿ ತುತ್ತೂರಿ ನುಡಿಸಿದರು. ಅದೇ ಊರಿನಲ್ಲಿ ಲುಮುಂಬಾ ಗೃಹಬಂಧನದಲ್ಲಿದ್ದರು. 1961ರ ಜನವರಿ 17ರಂದು ಅವರ ಕೊಲೆಯಾಯಿತು. ಮರುತಿಂಗಳು ಗಾಯಕಿ ಆಬಿ ಲಿಂಕನ್, ಡ್ರಮ್ಮರ್ ಮ್ಯಾಕ್ಸ್ ರೋಚ್ ಮುಂತಾದವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಭೆಯೊಳಗೇ ಪ್ರತಿಭಟಿಸಿದರು. ಇಲ್ಲಿ ತುತ್ತೂರಿ ಹಿನ್ನೆಲೆ ಸಂಗೀತವಲ್ಲ, ಘಟನೆಯ ಒಂದು ಭಾಗ. ಅಂಥ ಹಾಡು ಸಿಕ್ಕರೆ ಬಿಡಬೇಡಿ, ಸಿಗುವುದು ಅಪರೂಪ.

ಪ್ರಶ್ನೆ: ಹಳೆಯ ತುಣುಕುಗಳಿಂದ ಹತ್ತು ನಿಮಿಷದ ಚಿತ್ರ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹಾಡಿನಿಂದ ಶುರು ಮಾಡಬೇಡಿ. ಇಷ್ಟದ ಹಾಡೊಂದನ್ನು ಸಂಕಲನ ಸಾಫ್ಟ್‌ವೇರಿನ ಟೈಮ್‌ಲೈನಿಗೆ ಹಾಕಿ ಅದರ ಮೇಲೆ ದೃಶ್ಯ ತುಂಬಿಸಿದರೆ ಬರುವುದು ಹಾಡಿನ ವಿಡಿಯೋ.

ಪ್ರತಿ ತುಣುಕನ್ನೂ ಮೂರು ಸಲ ನೋಡಿ: ಮೊದಲು ಧ್ವನಿ ನಿಲ್ಲಿಸಿ, ಆಮೇಲೆ ಧ್ವನಿಯೊಂದಿಗೆ, ಕೊನೆಗೆ ತೆರೆ ಮುಚ್ಚಿ ಧ್ವನಿಯನ್ನು ಮಾತ್ರ. ಧ್ವನಿ ನಿಲ್ಲಿಸಿ ನೋಡುವಾಗ ನಾಯಕನನ್ನು ಬಿಟ್ಟು ಅಕ್ಕಪಕ್ಕದವರನ್ನು ಗಮನಿಸಿ. ಭಾಷಣದ ನಡುವೆ ಗಡಿಯಾರ ನೋಡುವ ಅಧಿಕಾರಿ, ಯಾರೋ ಸನ್ನೆ ಮಾಡಿದ ಮೇಲೆ ಚಪ್ಪಾಳೆ ಶುರು ಮಾಡುವ ಮೊದಲ ಸಾಲು, ಕ್ಯಾಮೆರಾ ಕಂಡು ನಗು ತಂದುಕೊಳ್ಳುವ ಮಗು. ವ್ಯಂಗ್ಯದ ಕಚ್ಚಾ ಸಾಮಗ್ರಿ ಸಿಗುವುದು ಅಲ್ಲೇ.

ನೋಡುತ್ತಲೇ ಪಟ್ಟಿ ಮಾಡಿ. ರೀಲಿನ ಗುರುತು, ತುಣುಕಿನ ಆರಂಭ ಮತ್ತು ಕೊನೆಯ ಟೈಮ್‌ಕೋಡ್ (ರೀಲಿನಲ್ಲಿ ಅದು ಬರುವ ಸಮಯ), ಸ್ಥಳ, ತಾರೀಖು, ಯಾರು ತೆಗೆದರು, ಯಾರು ತೋರಿಸಲೆಂದು ತೆಗೆಸಿದರು, ಧ್ವನಿ ಮೂಲದ್ದೋ ಆಮೇಲೆ ಸೇರಿಸಿದ್ದೋ. ಪ್ರತಿಯೊಂದರ ಮುಂದೆ 'ಖಚಿತ' ಅಥವಾ 'ಊಹೆ' ಎಂದು ಬರೆಯಿರಿ. 'ಯಾರು ತೆಗೆಸಿದರು' ಎಂಬ ಕಾಲಂ ಖಾಲಿ ಇರುವ ತುಣುಕಿನ ಮೇಲೆ ವ್ಯಂಗ್ಯ ಮಾಡಲು ಹೋಗಬೇಡಿ. ಯಾರನ್ನು ಚುಚ್ಚುತ್ತಿದ್ದೀರಿ ಎಂಬುದೇ ನಿಮಗೆ ಗೊತ್ತಿರುವುದಿಲ್ಲ.

ಆಮೇಲೆ ಸಂಗೀತವೇ ಇಲ್ಲದೆ ಪೂರ್ತಿ ಸಂಕಲನ ಮಾಡಿ. ಅದು ತನ್ನಷ್ಟಕ್ಕೆ ನಿಂತ ಮೇಲೆ ಹಾಡು ಬೇಕೆನಿಸುವ ಎರಡು ಮೂರು ಜಾಗ ಗುರುತಿಸಿ. ಹತ್ತು ನಿಮಿಷಕ್ಕೆ ಅದಕ್ಕಿಂತ ಹೆಚ್ಚು ಬೇಡ. ಒಂದೊಂದು ಜಾಗಕ್ಕೂ ಹಿಂಬಾಲಿಸುವ, ಎದುರು ನಿಲ್ಲುವ, ಉದಾಸೀನದ ಸಂಗೀತ ಮೂರನ್ನೂ ಇಟ್ಟು ನೋಡಿ. ಮೂಲ ತುಣುಕು ತನ್ನ ಸ್ವಂತ ಧ್ವನಿಯೊಂದಿಗೆ 15ರಿಂದ 20 ಸೆಕೆಂಡ್ ಓಡಿದ ಮೇಲೆ ಹಾಡು ಒಳಗೆ ಬರಲಿ. ಮಾತಿನ ಕೆಳಗೆ ಹಾಡಿದ್ದರೆ ಅದು ಮಾತಿಗಿಂತ 12ರಿಂದ 18 ಡೆಸಿಬೆಲ್ ಕೆಳಗಿರಲಿ. ಹಾಡಿನಲ್ಲಿ ಸಾಹಿತ್ಯವಿದ್ದರೆ ಮಾತಿನ ಕೆಳಗೆ ಇಡಲೇಬೇಡಿ, ಎರಡೂ ಕೇಳುವುದಿಲ್ಲ.

ಕಟ್‌ಗಳ ಬಗ್ಗೆ ಒಂದು ಮಾತು. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಸೆಕೆಂಡಿಗೆ 24 ಫ್ರೇಮಿನ ಲೆಕ್ಕಕ್ಕೆ ಪ್ರತಿ 12 ಫ್ರೇಮಿಗೊಂದು ಪೆಟ್ಟು. ಎಲ್ಲ ಕಟ್‌ಗಳನ್ನೂ ಪೆಟ್ಟಿಗೆ ಸರಿಯಾಗಿ ಇಟ್ಟರೆ ಐದಾರು ಕಟ್ ಆಗುವಷ್ಟರಲ್ಲಿ ಮುಂದಿನದು ಯಾವಾಗ ಎಂದು ನೋಡುವವರಿಗೆ ತಿಳಿದುಹೋಗುತ್ತದೆ, ದೃಶ್ಯ ನೋಡುವುದನ್ನು ಬಿಟ್ಟು ಕಾಲು ಕುಣಿಸುತ್ತಾರೆ. ಹೆಚ್ಚಿನ ಕಟ್‌ಗಳನ್ನು ಪೆಟ್ಟಿನಿಂದ ತಪ್ಪಿಸಿ, ನೀವು ಒತ್ತಿ ಹೇಳಬೇಕಾದ ಒಂದೇ ಒಂದನ್ನು ಪೆಟ್ಟಿನ ಮೇಲೆ ಇಡಿ.

4:3ರ (ಅಗಲ ನಾಲ್ಕು, ಎತ್ತರ ಮೂರರ ಅಳತೆ) ಹಳೆಯ ಚಿತ್ರವನ್ನು ಅಗಲ ತೆರೆಗೆ ತುಂಬಿಸಲು ಕತ್ತರಿಸಬೇಡಿ. 16:9ಕ್ಕೆ ತುಂಬಿಸಿದರೆ ಎತ್ತರದ ಕಾಲು ಭಾಗ ಹೋಗುತ್ತದೆ. ಮೇಲೆ ಘೋಷಣೆ ಬರೆದ ಬಟ್ಟೆ, ಕೆಳಗೆ ಜನರ ಕಾಲಲ್ಲಿ ಇರುವ ಅಥವಾ ಇಲ್ಲದ ಬೂಟು, ಎರಡೂ ಮಾಯ. ಎಡಬಲ ಕಪ್ಪು ಪಟ್ಟಿ ಇದ್ದರೆ ಇರಲಿ.

ಪ್ರಶ್ನೆ: ನಮ್ಮ ಚಿತ್ರದಲ್ಲಿ ಜನ ಗಂಭೀರವಾಗಬೇಕಾದ ಕಡೆ ನಕ್ಕುಬಿಟ್ಟರು. ಎಲ್ಲಿ ತಪ್ಪಾಯಿತು?

ಉತ್ತರ: ಮೊದಲು ವೇಗ ನೋಡಿ. ಮೂಕಿ ಕಾಲದ ಫಿಲ್ಮನ್ನು ಬಹುಪಾಲು ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ, ಸೆಕೆಂಡಿಗೆ ಸುಮಾರು 16ರಿಂದ 18 ಫ್ರೇಮಿನಂತೆ ತೆಗೆಯುತ್ತಿದ್ದರು. ಅದನ್ನು 24ರಲ್ಲಿ ಓಡಿಸಿದರೆ 10 ಸೆಕೆಂಡಿನ ನಡಿಗೆ ಸುಮಾರು 7 ಸೆಕೆಂಡಿನಲ್ಲಿ ಮುಗಿದು, ಸತ್ತವರ ಹಿಂದೆ ನಡೆಯುವ ಜನರೂ ಕುಪ್ಪಳಿಸುತ್ತಾರೆ. ಇದು ನೀವು ಮಾಡದ ವ್ಯಂಗ್ಯ. ಮಾರ್ಚ್ ಮಾಡುವವರ ಹೆಜ್ಜೆ ಎಣಿಸಿ: ನಿಮಿಷಕ್ಕೆ 180ರ ಹತ್ತಿರ ಬಂದರೆ ಚಿತ್ರ ಒಂದೂವರೆ ಪಟ್ಟು ವೇಗದಲ್ಲಿದೆ. (ಇಟಲಿಯ ಬೆರ್ಸಾಲಿಯೇರಿ ಪಡೆಯನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯಬೇಡಿ. ಅವರು ಕವಾಯತನ್ನು ಓಡುತ್ತಲೇ ಮಾಡುತ್ತಾರೆ.) 16 ಫ್ರೇಮಿನದನ್ನು 24ಕ್ಕೆ ತರಲು ಸುಲಭದ ದಾರಿ ಒಂದು ಬಿಟ್ಟು ಒಂದು ಫ್ರೇಮನ್ನು ಎರಡು ಸಲ ತೋರಿಸುವುದು. ಸ್ವಲ್ಪ ಕುಲುಕಾಟ ಉಳಿಯುತ್ತದೆ. ಸಾಫ್ಟ್‌ವೇರ್ ನಡುವಿನ ಫ್ರೇಮುಗಳನ್ನು ತಾನೇ ಹುಟ್ಟಿಸಿ ಕುಲುಕಾಟ ಕಳೆಯುತ್ತದೆ, ಆದರೆ ಬೀಸುವ ಕೈಗಳ ಸುತ್ತ ಚಿತ್ರ ಕಲಸಿಹೋಗುತ್ತದೆ.

ವೇಗ ಸರಿಯಿದ್ದೂ ನಕ್ಕರೆ, ಗುರಿ ತಪ್ಪಿದೆ. ತುಣುಕಿನಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ: ಕ್ಯಾಮೆರಾ ಹಿಡಿಸಿದವನು, ಅದರ ಮುಂದೆ ನಿಲ್ಲಿಸಲ್ಪಟ್ಟವನು. ಹಾಡು ಮೊದಲನೆಯವನನ್ನು ಕುಟುಕಬೇಕು. ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದ 167 ಜನರನ್ನು ಅಣುಪರೀಕ್ಷೆಗಾಗಿ 1946ರ ಮಾರ್ಚ್‌ನಲ್ಲಿ ಒಕ್ಕಲೆಬ್ಬಿಸಿದಾಗ ತೆಗೆದ ಅಮೆರಿಕದ ವಾರ್ತಾಚಿತ್ರ, ಅವರು ಸಂತೋಷದಿಂದಲೇ ಹೊರಟಿದ್ದಾರೆ ಎನ್ನುತ್ತದೆ. ಅದರ ಮೇಲೆ ತಮಾಷೆಯ ದ್ವೀಪಸಂಗೀತ ಹಾಕಿ, ನಾವೆ ಹತ್ತುವವರ ಮುಖದ ಹತ್ತಿರದ ಶಾಟ್ ತೋರಿಸಿದರೆ ನಗೆಪಾಟಲಾಗುವುದು ಆ ಬಡಪಾಯಿಗಳು. ಅದೇ ಸಂಗೀತವನ್ನು ನಿರೂಪಕನ ಮಾತು ಮುಗಿಯುವವರೆಗೆ ಇಟ್ಟು, ಮುಖ ಬಂದ ಕೂಡಲೇ ನಿಲ್ಲಿಸಿ. ನಗು ಅರ್ಧಕ್ಕೇ ನಿಂತುಹೋಗುತ್ತದೆ.

ಪರಿಚಯವಿಲ್ಲದ ಐದಾರು ಜನರಿಗೆ ತೋರಿಸಿ, 'ಹೇಗಿದೆ' ಎಂದು ಕೇಳದೆ 'ಇಲ್ಲಿ ಯಾರ ಗೇಲಿಯಾಗುತ್ತಿದೆ' ಎಂದು ಕೇಳಿ. ಉತ್ತರಗಳು ಬೇರೆ ಬೇರೆ ಬಂದರೆ ಆ ಭಾಗ ಮತ್ತೆ ಸಂಕಲನದ ಮೇಜಿಗೆ ಬರಬೇಕು.

ಪ್ರಶ್ನೆ: ಹೊಸ ಸಂಗೀತ ಹಾಕುವುದಕ್ಕಿಂತ ಮೂಲ ಧ್ವನಿಯನ್ನೇ ಉಳಿಸುವುದು ಪ್ರಾಮಾಣಿಕವಲ್ಲವೆ?

ಉತ್ತರ: ಮೂಲ ಧ್ವನಿ ಎಂದು ನಾವು ಅಂದುಕೊಳ್ಳುವುದು ಅನೇಕ ಸಲ ಮೂಲದ್ದಲ್ಲ. ವಾರ್ತಾಚಿತ್ರಗಳಲ್ಲಿ ಬಹಳಷ್ಟನ್ನು ಧ್ವನಿಯಿಲ್ಲದೆ ತೆಗೆದು, ಬೂಟಿನ ಸದ್ದು, ಜಯಕಾರ, ಬ್ಯಾಂಡ್ ಎಲ್ಲವನ್ನೂ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರು. ಸ್ಫೋಟದ ದೃಶ್ಯ ಸುಲಭದ ಗುರುತು: ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡ್ ಬೇಕು. ಐದು ಕಿಲೋಮೀಟರ್ ದೂರದ ಸ್ಫೋಟ ಹೊಳಪಿನ ಜೊತೆಯಲ್ಲೇ ಕೇಳಿಸಿದರೆ ಅದು ಸ್ಟುಡಿಯೋದ ಸದ್ದು. ಅಮೆರಿಕದ ಚಿತ್ರಕಾರ ಬ್ರೂಸ್ ಕಾನರ್ 1976ರಲ್ಲಿ 1946ರ ಜುಲೈ 25ರ ಬಿಕಿನಿ ನೀರೊಳಗಿನ ಸ್ಫೋಟದ ದೃಶ್ಯಗಳಿಂದ ಮಾಡಿದ ಚಿತ್ರದಲ್ಲಿ ಅಬ್ಬರಿಸುವುದು ಪ್ಯಾಟ್ರಿಕ್ ಗ್ಲೀಸನ್ ಸಿಂಥಸೈಜರಿನಲ್ಲಿ ತಯಾರಿಸಿದ ಸದ್ದು. ಆಮೇಲೆ ಟೆರ್ರಿ ರೈಲಿಯವರ ಸಂಗೀತ ಬಂದಾಗ ಅದೇ ಸ್ಫೋಟ ಭಯದ ಜೊತೆಗೆ ಸೌಂದರ್ಯವಾಗಿಯೂ ಕಂಡು ಮುಜುಗರ ಹುಟ್ಟಿಸುತ್ತದೆ.

ನಿರ್ದೇಶಕ ಸೆರ್ಗೈ ಲೋಜ್ನಿತ್ಸಾ 2005ರಲ್ಲಿ ಎರಡನೆಯ ಮಹಾಯುದ್ಧದ ಲೆನಿನ್‌ಗ್ರಾಡ್ ಮುತ್ತಿಗೆಯ ಮೂಕ ದೃಶ್ಯಗಳಿಗೆ ಸಂಗೀತವನ್ನೂ ನಿರೂಪಣೆಯನ್ನೂ ಹಾಕಲಿಲ್ಲ. ಹಿಮದ ಮೇಲೆ ಎಳೆಯುವ ಜಾರುಬಂಡಿಯ ಕರಕರ, ಟ್ರಾಮಿನ ಸದ್ದು, ಹೆಜ್ಜೆಗಳು, ಎಲ್ಲ ಹೊಸದಾಗಿ ಕಟ್ಟಿದ್ದು. ಪೀಟರ್ ಜಾಕ್ಸನ್ 2018ರಲ್ಲಿ ಮೊದಲ ಮಹಾಯುದ್ಧದ ದೃಶ್ಯಗಳಿಗೆ ಬಣ್ಣ ಹಚ್ಚಿಸಿ, ತುಟಿಯ ಚಲನೆ ಓದಬಲ್ಲವರನ್ನು ಕರೆಸಿ ಸೈನಿಕರಿಗೆ ಮಾತು ಕೊಡಿಸಿದರು. ಇವುಗಳಲ್ಲಿ ಯಾವುದೂ ಮೂಲವಲ್ಲ. ನಮಗೆ ಲೋಜ್ನಿತ್ಸಾ ದಾರಿಯೇ ಮೆಚ್ಚು, ಏಕೆಂದರೆ ಅಲ್ಲಿ ಸದ್ದು ನೋಡುವುದನ್ನು ನಿಧಾನ ಮಾಡಿಸುತ್ತದೆ. ಬಣ್ಣ ಹಚ್ಚಿದ ಸೈನಿಕನನ್ನು ನೋಡುವಾಗ ಗಮನವೆಲ್ಲ ತಂತ್ರದ ಕಡೆಗೇ ಹೋಗುತ್ತದೆ.

ಪ್ರಶ್ನೆ: ಹಳೆಯ ತುಣುಕು ಉಚಿತವಾಗಿ ಸಿಕ್ಕಿದೆ. ಅದರೊಳಗಿನ ಹಾಡನ್ನೂ ಬಳಸಬಹುದೆ?

ಉತ್ತರ: ಕೇಳದೆ ಬಳಸಬೇಡಿ. ದೃಶ್ಯದ ಹಕ್ಕು ಒಂದು, ಹಾಡಿನ ರಚನೆಯ ಹಕ್ಕು ಇನ್ನೊಂದು, ಆ ಧ್ವನಿಮುದ್ರಣದ ಹಕ್ಕು ಮತ್ತೊಂದು. ದೃಶ್ಯ ಮುಕ್ತವಾಗಿದ್ದರೂ ಒಳಗಿನ ಹಾಡು ಯಾರದೋ ಸ್ವತ್ತಾಗಿರಬಹುದು. ರಚನೆಯ ಹಕ್ಕು ಅನೇಕ ದೇಶಗಳಲ್ಲಿ ರಚಿಸಿದವರು ತೀರಿಕೊಂಡ 70 ವರ್ಷದವರೆಗೆ, ಕೆಲವೆಡೆ 50 ಅಥವಾ 60 ವರ್ಷದವರೆಗೆ ಇರುತ್ತದೆ. ಹಕ್ಕು ಮುಗಿದ ರಚನೆಯನ್ನು ಆರಿಸಿ ಹೊಸದಾಗಿ ನುಡಿಸಿ ಮುದ್ರಿಸಿಕೊಳ್ಳುವುದು ಕೈಯಲ್ಲಿ ಹಣವಿಲ್ಲದವರಿಗೆ ಸರಿಯಾದ ದಾರಿ. ಸಂಕಲನ ಮುಗಿಯುವ ಮುನ್ನವೇ ಅನುಮತಿ ಕೇಳಿ. ಮುಗಿದ ಮೇಲೆ ಹಾಡು ಸಿಗದಿದ್ದರೆ ಅದರ ತಾಳಕ್ಕೆ ಹೊಂದಿಸಿದ ಕಟ್‌ಗಳೆಲ್ಲ ಹಾಳು.

ಪ್ರಶ್ನೆ: ಪ್ರಚಾರ ಚಿತ್ರ ಸುಳ್ಳು ಹೇಳಿತು ಎಂದು ಅದೇ ತುಣುಕನ್ನು ಬೇರೆ ಹಾಡಿನ ಜೊತೆ ತೋರಿಸುವುದೂ ಇನ್ನೊಂದು ಪ್ರಚಾರವೇ ಅಲ್ಲವೆ?

ಉತ್ತರ: ಆಗಬಹುದು, ಬಹಳ ಸಲ ಆಗುತ್ತದೆ ಕೂಡ. ಸಂಗೀತಕ್ಕೆ ಒಂದು ಕೆಟ್ಟ ಶಕ್ತಿ ಇದೆ: ಸಂಬಂಧವೇ ಇಲ್ಲದ ಎರಡು ಘಟನೆಗಳ ಮೇಲೆ ಒಂದೇ ಹಾಡನ್ನು ಎಳೆದರೆ, ಮೊದಲನೆಯದರಿಂದಲೇ ಎರಡನೆಯದು ಆಯಿತು ಎಂದು ಮನಸ್ಸು ಒಪ್ಪಿಬಿಡುತ್ತದೆ. ಯಾವ ವಾಕ್ಯವೂ ಹಾಗೆ ಹೇಳಿರುವುದಿಲ್ಲ, ಆದ್ದರಿಂದ ಯಾರೂ ಅಲ್ಲಗಳೆಯುವುದೂ ಇಲ್ಲ. ಬಿಬಿಸಿಯ ಸಂಗ್ರಹದಿಂದ ಸರಣಿಗಳನ್ನು ಕಟ್ಟುವ ಆಡಮ್ ಕರ್ಟಿಸ್ ಅವರ ಕೆಲಸದ ಬಗ್ಗೆ ಇರುವ ಮುಖ್ಯ ತಕರಾರು ಇದೇ. ಅವರ ನಿರೂಪಣೆಯ ಖಚಿತ ದನಿ, ಅದರ ಕೆಳಗಿನ ಸಂಗೀತ ಎರಡೂ ಸೇರಿ ಊಹೆಯನ್ನು ನಿರ್ಧಾರದಂತೆ ಕೇಳಿಸುತ್ತವೆ. ಸೋವಿಯತ್ ಒಕ್ಕೂಟದ ಕುಸಿತ ಮತ್ತು ಅದರ ನಂತರದ ರಷ್ಯಾ ಕುರಿತ 2022ರ ಏಳು ಭಾಗಗಳ ಸರಣಿಯಲ್ಲಿ ಅವರೇ ನಿರೂಪಣೆಯ ದನಿಯನ್ನು ಕೈಬಿಟ್ಟರು. ನಮ್ಮ ಎಣಿಕೆಯಲ್ಲಿ ಅವರ ಅತ್ಯುತ್ತಮ ಕೆಲಸ ಅದು.

ಪರೀಕ್ಷೆ ಸರಳ. ಹಾಡನ್ನು ತೆಗೆದು ದೃಶ್ಯಗಳನ್ನು ಅದೇ ಕ್ರಮದಲ್ಲಿ ನೋಡಿ, ಕಟ್‌ನ ಎರಡೂ ಬದಿಯ ತಾರೀಖು ಬರೆದುಕೊಳ್ಳಿ. ನಡುವಿನ ಸಂಬಂಧವನ್ನು ಒಂದು ವಾಕ್ಯದಲ್ಲಿ ಬರೆದು, ಆ ವಾಕ್ಯಕ್ಕೆ ಆಧಾರವಿದೆಯೇ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಹಾಡು ಸುಳ್ಳು ಹೇಳುತ್ತಿದೆ. ಒಂದು ಊರಿನ ಗಲಭೆಯ ಶಾಟನ್ನು ಇನ್ನೊಂದು ಊರಿನದೆಂದು ಹಾಕುವುದಂತೂ ಹಾಡು ಎಷ್ಟೇ ಚೆನ್ನಾಗಿದ್ದರೂ ಸಲ್ಲದು. ಸ್ಥಳ, ತಾರೀಖನ್ನು ತೆರೆಯ ಮೇಲೆ ಬರೆದರೆ ವ್ಯಂಗ್ಯ ಕೆಡುತ್ತದೆ ಎಂಬುದು ತಪ್ಪು ಕಲ್ಪನೆ. ಮೇಲೆ ಹೇಳಿದ ಗ್ರಿಮೋನ್‌ಪ್ರೆ ಚಿತ್ರ ಜಾಜ್ ಮೊಳಗುತ್ತಿರುವಾಗಲೇ ಉಲ್ಲೇಖದ ಪುಸ್ತಕ, ಪುಟಸಂಖ್ಯೆಗಳನ್ನೂ ತೆರೆಯ ಮೇಲೆ ತೋರಿಸುತ್ತದೆ. ಅದರಿಂದ ಲಯ ಕೆಟ್ಟಿಲ್ಲ.

ಪ್ರಶ್ನೆ: ಸಂಗೀತವನ್ನೂ ನಿರೂಪಣೆಯನ್ನೂ ಸೇರಿಸದೆ ವ್ಯಂಗ್ಯ ಸಾಧ್ಯವೆ?

ಉತ್ತರ: ನಿರ್ದೇಶಕ ಆಂದ್ರೇಯ್ ಉಜಿಕಾ 2010ರಲ್ಲಿ ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಕುರಿತು ಮಾಡಿದ ಮೂರು ಗಂಟೆಯ ಚಿತ್ರ ನೋಡಿ. ಸಾವಿರ ಗಂಟೆಗೂ ಮೀರಿದ ದಾಖಲೆಗಳಿಂದ ಆರಿಸಿದ್ದು, ಬಹುಪಾಲು ಆತನ ಆಡಳಿತವೇ ತೆಗೆಸಿದ್ದು. ಅಲ್ಲಿ ಆಯುಧ ಒಂದೇ, ಅವಧಿ. ವಾರ್ತಾಚಿತ್ರದವರು ಚಪ್ಪಾಳೆಯನ್ನು ನಾಲ್ಕೈದು ಸೆಕೆಂಡಿಗೆ ಕತ್ತರಿಸುತ್ತಾರೆ, ಅಷ್ಟರಲ್ಲಿ ಅದು ಗೌರವದಂತೆ ಕಾಣುತ್ತದೆ. ಕತ್ತರಿಸದ ಮೂಲ ರೀಲು ಸಿಕ್ಕರೆ ಅದೇ ಚಪ್ಪಾಳೆಯನ್ನು 40 ಸೆಕೆಂಡ್ ಓಡಿಸಿ. ಅರ್ಧ ದಾಟುವಷ್ಟರಲ್ಲಿ ಮೊದಲು ನಿಲ್ಲಿಸುವವರು ಯಾರು ಎಂದು ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುವುದು ಕಾಣತೊಡಗುತ್ತದೆ. ಅಲ್ಲಿ ಹಾಡು ಹಾಕಿದರೆ ಅದೆಲ್ಲ ಮುಚ್ಚಿಹೋಗುತ್ತದೆ.